ಓಡುವ ಪದ

ಇಂಗ್ಲಿಷ್ ಕಲಿಯತೊಡಗಿದ ವಿದ್ಯಾರ್ಥಿಗೆ ಮೊದಮೊದಲು ಪರಿಚಯವಾಗುವ ಕ್ರಿಯಾಪದಗಳಲ್ಲಿ ‘ರನ್’ ಎಂಬುದೂ ಒಂದು. ‘ರನ್’ ಎಂದರೆ ಓಡು ಎಂದು ಅವನು ಬಾಯಿಪಾಠ ಮಾಡುತ್ತಾನೆ. ಅಲ್ಲಿಗೆ ಆ ಪದವು ತನಗೆ ವಶವಾಯಿತೆಂದು ನಂಬುತ್ತಾನೆ. ಮೇಲಿನ ತರಗತಿಗಳಿಗೆ ಬಂದಂತೆ ಈ ನಂಬಿಕೆ ಸಡಿಲಗೊಳ್ಳುತ್ತದೆ. ಇಂಗ್ಲಿಷಿನಲ್ಲಿ ನದಿಗೂ ‘ರನ್’, ನೆಗಡಿಯಾದವನ ಮೂಗಿಗೂ ‘ರನ್’, ಅಂಗಡಿಯ ವ್ಯವಹಾರಕ್ಕೂ ‘ರನ್’. ಇವೆಲ್ಲವನ್ನೂ ಓಡು ಎಂದೇ ಕನ್ನಡಿಸಿದರೆ ಕೇಳಿದವರು ನಗದಿರಲಾರರು. ಕನ್ನಡದಲ್ಲಿ ನದಿ ಹರಿಯುತ್ತದೆ, ಮೂಗು ಸೋರುತ್ತದೆ, ಅಂಗಡಿಯನ್ನು ನಡೆಸುತ್ತಾರೆ.

ಹಾಗೆಂದು ಈ ಅರ್ಥಗಳು ಒಂದಕ್ಕೊಂದು ಸಂಬಂಧವಿಲ್ಲದವುಗಳಲ್ಲ. ತಡೆಯಿಲ್ಲದೆ ಮುಂದುವರಿಯುವಿಕೆಯೇ ಇವುಗಳಲ್ಲಿ ಬಹುಪಾಲು ಅರ್ಥಗಳ ಬೇರು. ಕಾಲಿನ ಓಟಕ್ಕೆ ಹೇಳಿದ ಮಾತು ನೀರಿನ ಹರಿವಿಗೂ ಸಂದಿತು. ಅನಂತರ ಕಾಲದ ಗತಿಗೂ ಸಂದಿತು. ಆದುದರಿಂದಲೇ ಹತ್ತು ವರ್ಷದ ಗುತ್ತಿಗೆಯೊಂದು ಜಾರಿಯಲ್ಲಿದೆ ಎನ್ನಲು ನ್ಯಾಯವಾದಿಯು ಇದೇ ಪದವನ್ನು ಬಳಸುತ್ತಾನೆ. ಎಂಜಿನ್ನು ನಿಂತ ನೆಲದಿಂದ ಕದಲದಿದ್ದರೂ ಯಂತ್ರಜ್ಞನ ಮಾತಿನಲ್ಲಿ ಅದು ‘ರನ್’ ಆಗುತ್ತಿರುತ್ತದೆ. ಗಣಕಯಂತ್ರದಲ್ಲಿ ಕಾರ್ಯಕ್ರಮವೊಂದು ನಡೆಯುವಾಗ ಕಣ್ಣಿಗೆ ಕಾಣುವಂತೆ ಏನೂ ಚಲಿಸದಿರಬಹುದು. ಆದರೂ ಪದ ಅದೇ.

ಕ್ರಿಕೆಟ್ ಆಟದಲ್ಲಿ ಈ ಕ್ರಿಯಾಪದವು ನಾಮಪದವಾಗಿ ಕನ್ನಡಕ್ಕೂ ಬಂದಿದೆ. ಇಬ್ಬರು ದಾಂಡಿಗರು ವಿಕೆಟ್ಟುಗಳ ನಡುವೆ ಓಡಿ ಗಳಿಸುವುದು ‘ರನ್’. ಆದರೆ ಚೆಂಡು ನೆಲಕ್ಕೆ ತಾಗದೆ ಸೀಮಾರೇಖೆಯನ್ನು ದಾಟಿದರೆ, ಒಂದು ಹೆಜ್ಜೆಯನ್ನೂ ಓಡದೆ ಆರು ‘ರನ್’ ದೊರೆಯುತ್ತವೆ! ಚುನಾವಣೆಯಲ್ಲಿ ಇನ್ನೊಂದು ವಿನೋದವಿದೆ. ಅಮೆರಿಕದ ಅಭ್ಯರ್ಥಿಯು ಚುನಾವಣೆಗೆ ‘ಓಡುತ್ತಾನೆ’; ಬ್ರಿಟನ್ನಿನ ಅಭ್ಯರ್ಥಿಯು ಸಾಮಾನ್ಯವಾಗಿ ‘ನಿಲ್ಲುತ್ತಾನೆ’. ಮಾತು ಎರಡು, ಕಾರ್ಯ ಒಂದೇ.

ಈ ಪದದ ವಿಸ್ತಾರವನ್ನು ಅಳೆದವರು ನಿಘಂಟುಕಾರರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕತ್ವವನ್ನು ಜೇಮ್ಸ್ ಮರ್ರೆ 1879ರಲ್ಲಿ ವಹಿಸಿಕೊಂಡರು. ಅವರು 1915ರಲ್ಲಿ ತೀರಿಕೊಂಡರು. ಗ್ರಂಥ ಪೂರ್ಣಗೊಂಡದ್ದು 1928ರಲ್ಲಿ. ಅದರಲ್ಲಿ ‘ಸೆಟ್’ ಎಂಬ ಪದದ ವಿವರಣೆಯೇ ಅತಿ ದೀರ್ಘವಾದುದಾಗಿತ್ತು. ಮುಂದೆ ನಿಘಂಟಿನ ಪರಿಷ್ಕರಣಕ್ಕಾಗಿ ಪೀಟರ್ ಗಿಲಿವರ್ ಎಂಬ ಸಂಪಾದಕರು ‘ರನ್’ ಪದವೊಂದಕ್ಕೇ ಸುಮಾರು ಒಂಬತ್ತು ತಿಂಗಳು ದುಡಿದರು. ಕ್ರಿಯಾಪದವಾಗಿ ಅದಕ್ಕೆ 645 ಅರ್ಥಗಳಿವೆಯೆಂದು 2011ರಲ್ಲಿ ಲೋಕಕ್ಕೆ ತಿಳಿಯಿತು.

ಇದು ಇಂಗ್ಲಿಷಿಗೆ ಮಾತ್ರ ಸೇರಿದ ಗುಣವಲ್ಲ. ಕನ್ನಡದ ‘ಹೊಡೆ’ ಎಂಬ ಪದವನ್ನು ನೋಡಬಹುದು. ಶಾಲೆಯಲ್ಲಿ ಗಂಟೆ ಹೊಡೆಯುತ್ತಾರೆ. ರೈತನು ಗಾಡಿ ಹೊಡೆಯುತ್ತಾನೆ. ಜಗಲಿಯಲ್ಲಿ ಕುಳಿತವರು ಹರಟೆ ಹೊಡೆಯುತ್ತಾರೆ. ಕೊಳೆತ ವಸ್ತು ವಾಸನೆ ಹೊಡೆಯುತ್ತದೆ. ಇವುಗಳಲ್ಲಿ ಯಾರಿಗೂ ಪೆಟ್ಟು ಬೀಳುವುದಿಲ್ಲ! ಕನ್ನಡ ಕಲಿಯುವ ಪರಭಾಷಿಕನು ಇಲ್ಲಿ ಪಡುವ ಪಾಡು, ‘ರನ್’ ಪದದೆದುರು ನಮ್ಮ ವಿದ್ಯಾರ್ಥಿ ಪಡುವ ಪಾಡೇ ಆಗಿದೆ.

ಹೊಸ ವಸ್ತು ಬಂದಾಗಲೆಲ್ಲ ಭಾಷೆ ಹೊಸ ಪದವನ್ನೇ ಸೃಷ್ಟಿಸುವುದಿಲ್ಲ. ಹಲವೊಮ್ಮೆ ಮನೆಯಲ್ಲಿರುವ ಹಳೆಯ ಪದಕ್ಕೇ ಹೊಸ ಕೆಲಸವನ್ನು ಒಪ್ಪಿಸುತ್ತದೆ. ಚಿಕ್ಕ ಪದಗಳು ಹೀಗೆಯೇ ದೊಡ್ಡವಾಗುತ್ತವೆ. ಆದುದರಿಂದ ಒಂದು ಪದಕ್ಕೆ ಒಂದೇ ಅರ್ಥವನ್ನು ಕಂಠಪಾಠ ಮಾಡಿದವನು ಭಾಷೆಯ ಹೊಸ್ತಿಲಲ್ಲಿಯೇ ನಿಲ್ಲುತ್ತಾನೆ. ಪದವು ಯಾರ ಬಾಯಲ್ಲಿದೆ, ಯಾವ ಪದಗಳ ಜೊತೆಯಲ್ಲಿದೆ ಎಂಬುದನ್ನು ಗಮನಿಸಿದವನಿಗೆ ಮಾತ್ರ ಭಾಷೆಯ ಬಾಗಿಲು ತೆರೆಯುತ್ತದೆ.

ಅಭ್ಯಾಸ

1. ‘ರನ್’ ಪದದ ಬಹುಪಾಲು ಅರ್ಥಗಳ ಬೇರು ಯಾವುದು? ಎರಡು ಉದಾಹರಣೆಗಳೊಡನೆ ವಿವರಿಸಿರಿ.
2. ಒಂದು ಪದಕ್ಕೆ ಒಂದೇ ಅರ್ಥವನ್ನು ಕಲಿತರೆ ಸಾಲದು, ಏಕೆ?
3. ‘ಹಿಡಿ’, ‘ಬೀಳು’ ಎಂಬ ಪದಗಳನ್ನು ಬೇರೆ ಬೇರೆ ಅರ್ಥ ಬರುವಂತೆ ಸ್ವಂತ ವಾಕ್ಯಗಳಲ್ಲಿ ಬಳಸಿರಿ.