ನಮ್ಮ ಜೀರ್ಣಾಂಗಗಳು: ದಾನಿಗಳು ತಿಳಿದಿರಬೇಕಾದ ಒಂದು ಪಾಠ



ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಮೊದಲು ಓದಿ, ಕಾಗದಪತ್ರಗಳು ಸರಿಯಿವೆಯೇ ಎಂದು ನೋಡುವ ಕೆಲಸ ನನ್ನದು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಒಪ್ಪಿಕೊಂಡ ಸೇವೆ ಇದು. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ. ಆದರೂ ವರದಿ ಅರ್ಥವಾಗದೆ ಶಿಫಾರಸು ಬರೆಯುವುದು ಸರಿಯಲ್ಲವೆಂದು, ವೈದ್ಯ ಸದಸ್ಯರನ್ನು ಕೇಳಿ, ಪುಸ್ತಕ ಓದಿ ಒಂದಿಷ್ಟು ಕಲಿತಿದ್ದೇನೆ.

ದಾನಿಗಳು ಆಗಾಗ ಕೇಳುವ ಪ್ರಶ್ನೆ ಒಂದಿದೆ. "ಇಬ್ಬರಿಗೂ ಪಿತ್ತಕೋಶದ ಕಲ್ಲು. ಒಬ್ಬರಿಗೆ ಸಾವಿರಗಳಲ್ಲಿ ಮುಗಿಯಿತು, ಇನ್ನೊಬ್ಬರಿಗೆ ಲಕ್ಷಗಳು ಏಕೆ?" ಇದಕ್ಕೆ ಉತ್ತರ ನಮ್ಮ ಹೊಟ್ಟೆಯ ರಚನೆಯಲ್ಲೇ ಇದೆ.

ಅನ್ನ, ತೊವ್ವೆ, ತುಪ್ಪ

ನಮ್ಮ ಮನೆಯ ಊಟವನ್ನೇ ತೆಗೆದುಕೊಳ್ಳೋಣ. ಅನ್ನದಲ್ಲಿ ಪಿಷ್ಟ, ತೊವ್ವೆಯಲ್ಲಿ ಪ್ರೋಟೀನು, ತುಪ್ಪದಲ್ಲಿ ಕೊಬ್ಬು. ಈ ಮೂರೂ ಬೇರೆ ಬೇರೆ ಕಡೆ ಪಚನಕ್ಕೆ ತೊಡಗುತ್ತವೆ.

ಅನ್ನದ ಪಚನ ಬಾಯಿಯಲ್ಲೇ ಶುರು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ಅನ್ನವನ್ನು ಚೆನ್ನಾಗಿ ಅಗಿದರೆ ಸಿಹಿಯೆನಿಸುವುದು ಇದರಿಂದಲೇ. ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ಕೆಳಗಿಳಿಯುತ್ತದೆ. ಅದು ತಾನಾಗಿ ಬೀಳುವುದಲ್ಲ, ಸ್ನಾಯುಗಳು ಅಲೆ ಅಲೆಯಾಗಿ ತಳ್ಳುತ್ತವೆ.

ತೊವ್ವೆಯ ಸರದಿ ಜಠರದಲ್ಲಿ. ಇಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಸೇರಿ ಪ್ರೋಟೀನನ್ನು ಒಡೆಯುತ್ತವೆ. ಇಷ್ಟು ತೀಕ್ಷ್ಣ ಆಮ್ಲದಿಂದ ಜಠರವನ್ನು ಕಾಪಾಡುವುದು ಅದರ ಒಳಗೋಡೆಯ ಲೋಳೆಯ ಪದರ. ಆ ಪದರ ಹಾಳಾದಲ್ಲಿ ಹುಣ್ಣು, ಅಂದರೆ ಅಲ್ಸರ್. ಬಹುಪಾಲು ಅಲ್ಸರಿಗೆ ಖಾರವಾಗಲೀ ಚಿಂತೆಯಾಗಲೀ ಮೂಲವಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಥವಾ ಕೆಲವು ನೋವಿನ ಮಾತ್ರೆಗಳು ಕಾರಣ. ಈ ಬ್ಯಾಕ್ಟೀರಿಯಾವನ್ನು ಗುರುತಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಒಮ್ಮೆ ವರ್ಷಗಟ್ಟಲೆ ಕಾಡುತ್ತಿದ್ದ ರೋಗ ಈಗ ಸುಮಾರು ಎರಡು ವಾರದ ಮಾತ್ರೆಗಳಿಂದ ವಾಸಿಯಾಗಬಲ್ಲದು.

ತುಪ್ಪಕ್ಕೆ ಪಿತ್ತರಸ ಬೇಕು. ಅದನ್ನು ತಯಾರಿಸುವುದು ನಾವು ಲಿವರ್ ಎನ್ನುವ ಯಕೃತ್ತು, ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಅದರಡಿಯ ಪುಟ್ಟ ಚೀಲವೇ ಪಿತ್ತಕೋಶ. ಪಿತ್ತರಸವನ್ನು ಗಟ್ಟಿಮಾಡಿ ಕೂಡಿಟ್ಟು, ಜಿಡ್ಡಿನ ಊಟ ಬಂದಾಗ ಸಣ್ಣ ಕರುಳಿಗೆ ಬಿಡುವುದು ಅದರ ಕೆಲಸ. ಅಲ್ಲಿಗೇ ಮೇದೋಜೀರಕ ಗ್ರಂಥಿಯೂ, ಅಂದರೆ ಪ್ಯಾಂಕ್ರಿಯಾಸ್ ಕೂಡ, ತನ್ನ ರಸ ಕಳಿಸುತ್ತದೆ. ಅನ್ನ, ತೊವ್ವೆ, ತುಪ್ಪ ಮೂರರ ಪಚನವೂ ಪೂರ್ತಿಯಾಗುವುದು ಸುಮಾರು ಆರು ಮೀಟರ್ ಉದ್ದದ ಈ ಸಣ್ಣ ಕರುಳಿನಲ್ಲಿ. ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದೂ ಬಹುತೇಕ ಅಲ್ಲಿಯೇ.

ನೀರಿನ ಜಮಾ-ಖರ್ಚು

ಲೆಕ್ಕದವನಾದ ನನಗೆ ಹೆಚ್ಚು ಬೆರಗು ತಂದದ್ದು ಇದು. ನಾವು ಊಟ ಮತ್ತು ಪಾನೀಯದಲ್ಲಿ ದಿನಕ್ಕೆ ಸುಮಾರು 2 ಲೀಟರ್ ನೀರು ಸೇವಿಸುತ್ತೇವೆ. ಜೊಲ್ಲು, ಜಠರರಸ, ಪಿತ್ತರಸ ಮುಂತಾಗಿ ದೇಹವೇ ಇನ್ನು 7 ಲೀಟರ್ ಸುರಿಸುತ್ತದೆ. ಒಟ್ಟು 9 ಲೀಟರಿನಲ್ಲಿ ಮಲದೊಡನೆ ಹೊರಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಉಳಿದದ್ದನ್ನು ಸಣ್ಣ ಕರುಳು ಮತ್ತು ಸುಮಾರು ಒಂದೂವರೆ ಮೀಟರಿನ ದೊಡ್ಡ ಕರುಳು ಹಿಂದಕ್ಕೆ ಪಡೆಯುತ್ತವೆ. ವಾಂತಿಭೇದಿಯಲ್ಲಿ ಈ ಲೆಕ್ಕ ತಪ್ಪಿ, ಮಕ್ಕಳು ಮತ್ತು ವೃದ್ಧರು ಗಂಟೆಗಳಲ್ಲಿ ನಿತ್ರಾಣರಾಗುತ್ತಾರೆ. ಆಗ ಓಆರ್‌ಎಸ್ ನೀರು ಜೀವ ಉಳಿಸುತ್ತದೆ.

ಎರಡು ಅಂಗಗಳಿಗೆ ಒಂದೇ ಬಾಗಿಲು

ಈಗ ದಾನಿಗಳ ಪ್ರಶ್ನೆಗೆ ಬರೋಣ. ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಒಂದೇ ದ್ವಾರದಿಂದ ಸಣ್ಣ ಕರುಳಿಗೆ ತೆರೆದುಕೊಳ್ಳುತ್ತವೆ. ಕಲ್ಲು ಪಿತ್ತಕೋಶದಲ್ಲಿ ಸುಮ್ಮನಿರುವಷ್ಟು ದಿನ ಅನೇಕರಿಗೆ ತೊಂದರೆಯೇ ಇಲ್ಲ, ಚಿಕಿತ್ಸೆಯೂ ಬೇಕಿಲ್ಲ. ಊಟದ ನಂತರ ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು ಮರುಕಳಿಸತೊಡಗಿದರೆ ಅದು ಎಚ್ಚರಿಕೆ. ಆಗ ದೂರ್ಬೀನು ಶಸ್ತ್ರಚಿಕಿತ್ಸೆಯಿಂದ ಪಿತ್ತಕೋಶ ತೆಗೆದರೆ ರೋಗಿ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆಗೆ ಬರುತ್ತಾರೆ.

ಹಣವಿಲ್ಲವೆಂದು ಮುಂದೂಡುತ್ತಿರುವಾಗ ಕಲ್ಲು ಜಾರಿ ಆ ದ್ವಾರದಲ್ಲಿ ಸಿಕ್ಕಿಕೊಂಡರೆ ಪಿತ್ತ ತಡೆದು ಕಾಮಾಲೆ ಬರುತ್ತದೆ. ಜೊತೆಗೆ ಮೇದೋಜೀರಕ ಗ್ರಂಥಿಯ ಕಿಣ್ವಗಳು ಒಳಗೇ ಚುರುಕಾಗಿ ಆ ಗ್ರಂಥಿಯನ್ನೇ ಜೀರ್ಣಿಸತೊಡಗಬಹುದು. ಇದೇ ಅರ್ಜಿಗಳಲ್ಲಿ ಕಾಣುವ 'ಪ್ಯಾಂಕ್ರಿಯಾಟೈಟಿಸ್'. ತೀವ್ರವಾದರೆ ವಾರಗಟ್ಟಲೆ ಐಸಿಯು, ಪ್ರಾಣಕ್ಕೂ ಅಪಾಯ. ಕಲ್ಲು ಅದೇ, ತಡವಾದದ್ದಕ್ಕೆ ತೆತ್ತ ಬೆಲೆ ಬೇರೆ.

ನಮ್ಮ ನಿಧಿ ಏನು ಮಾಡಬಹುದು?

ನಮ್ಮ ನಿಧಿ ಈವರೆಗೆ ಆಸ್ಪತ್ರೆಯ ಬಿಲ್ ಬಂದ ಮೇಲಷ್ಟೇ ನೆರವು ಕೊಡುತ್ತಿದೆ. ಮುಂದಿನ ಮಹಾಸಭೆಯಲ್ಲಿ ನಾನು ಇಡಲಿರುವ ಸಲಹೆ ಇಷ್ಟೇ: ನಿಧಿಯ ಒಂದು ಭಾಗವನ್ನು ಸೋನೋಗ್ರಫಿ, ಎಂಡೋಸ್ಕೋಪಿಯಂಥ ತಪಾಸಣೆಗೂ ವೈದ್ಯರು ಮೊದಲೇ ಸೂಚಿಸಿದ ಶಸ್ತ್ರಚಿಕಿತ್ಸೆಗೂ ಮೀಸಲಿಡೋಣ. ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿಯುವ ನಮ್ಮವರು ನೋವಿದ್ದರೂ ರಜೆ ಹಾಕುವುದಿಲ್ಲ, ಹಾಕಿದರೆ ಅಂದಿನ ಸಂಬಳವಿಲ್ಲ. ಅವರಿಗೆ ಬೇಕಾದದ್ದು ಮೊದಲ ಹೆಜ್ಜೆಯ ಹಣ.

ಪರಿಚಿತರಲ್ಲಿ ಯಾರಿಗಾದರೂ ಕಣ್ಣು ಹಳದಿಯಾಗಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಮಲ ಟಾರಿನಂತೆ ಕಪ್ಪಾಗಿದ್ದರೆ ಅಥವಾ ಅದರಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ದಯವಿಟ್ಟು ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಹಣದ ಅಡಚಣೆಯಿದ್ದರೆ ಸಂಘದ ಕಚೇರಿಗೆ ತಿಳಿಸಿ. ನೀವು ಕೊಡುವ ದೇಣಿಗೆ ಚಿಕ್ಕದೆಂಬ ಸಂಕೋಚ ಬೇಡ. ಸಕಾಲದಲ್ಲಿ ಮಾಡಿಸಿದ ಒಂದು ಸೋನೋಗ್ರಫಿಯ ಹಣ ಒಂದು ಸಂಸಾರವನ್ನು ದೊಡ್ಡ ಸಾಲದಿಂದ ಉಳಿಸಬಲ್ಲದು.