ಅಪ್ಪಣೆ ಪಾಲಿಸುವ ಪೆಟ್ಟಿಗೆ

ಅಮೆರಿಕದಲ್ಲಿ ಮನೆಯ ಸುತ್ತ ವಿಶಾಲವಾದ ಹುಲ್ಲುಹಾಸನ್ನು ಬೆಳೆಸುವುದು ವಾಡಿಕೆ. ಆ ಹುಲ್ಲನ್ನು ಕತ್ತರಿಸಲು, ಚಳಿಗಾಲದಲ್ಲಿ ಅಂಗಳದ ಹಿಮವನ್ನು ತಳ್ಳಲು ಅಲ್ಲಿಯ ಜನ ‘ಗಾರ್ಡನ್ ಟ್ರ್ಯಾಕ್ಟರ್’ ಎಂಬ ಪುಟ್ಟ ವಾಹನವನ್ನು ಬಳಸುತ್ತಾರೆ. ನಮ್ಮ ಹೊಲಗಳಲ್ಲಿ ಉಳುವ ಟ್ರ್ಯಾಕ್ಟರಿನ ಮುಂದೆ ಅದು ಎತ್ತಿನ ಪಕ್ಕದ ಕರುವಿನಂತೆ ಕಾಣುತ್ತದೆ. ಇಂತಹ ಅನೇಕ ವಾಹನಗಳಲ್ಲಿ ಪೆಟ್ರೋಲನ್ನು ಎಳೆದು ಕೊಡುವ ಪಂಪಿಗೆ ವಿದ್ಯುತ್ತು ಬೇಕಿಲ್ಲ. ಎಂಜಿನ್ನಿನ ಒಡಲಿನಲ್ಲಿ ಏಳುವ ಗಾಳಿಯ ಮಿಡಿತವೇ ಒಂದು ತೆಳುವಾದ ಪೊರೆಯನ್ನು ಆಡಿಸುತ್ತದೆ. ವರ್ಷಗಳು ಕಳೆದಂತೆ ಪೊರೆ ಪೆಡಸಾಗಿ ಸೋಲುತ್ತದೆ. ಆಗ ಕೆಲವರು ಅದನ್ನು ತೆಗೆದು, 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪಂಪನ್ನು ಜೋಡಿಸುವುದುಂಟು.

ಹೊಸ ಪಂಪಿನ ತಂತಿಯನ್ನು ಕೀಲಿಕೈಯ ಸ್ವಿಚ್ಚಿಗೆ ನೇರವಾಗಿ ಸೇರಿಸಿದರೂ ಪಂಪು ಓಡುತ್ತದೆ. ಆದರೆ ಹಳೆಯ ಸ್ವಿಚ್ಚಿನ ಸವೆದ ತುದಿಗಳ ಮೇಲೆ ಹೊಸ ಹೊರೆ ಬೀಳುತ್ತದೆ. ಉದ್ದವಾದ ಸಣ್ಣ ತಂತಿಗಳಲ್ಲಿ ವೋಲ್ಟೇಜು ಸೋರಿ, ಪಂಪಿಗೆ ತಲುಪುವ ಶಕ್ತಿ ಕುಗ್ಗುತ್ತದೆ. ಇದಕ್ಕೆ ಪರಿಹಾರವೇ ರಿಲೇ. ಕುದುರೆಯ ಅಂಚೆಯ ಕಾಲದಲ್ಲಿ ದಣಿದ ಕುದುರೆಯನ್ನು ಬಿಚ್ಚಿ ಹೊಸದನ್ನು ಹೂಡುತ್ತಿದ್ದ ಏರ್ಪಾಟಿನಿಂದ ಈ ಹೆಸರು ಬಂದಿದೆ.

ಇದರ ತತ್ತ್ವವನ್ನು ಮೊದಲು ತೋರಿಸಿದವರಲ್ಲಿ ಜೋಸೆಫ್ ಹೆನ್ರಿ ಪ್ರಮುಖನು. ಆತನು ಆಲ್ಬನಿ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದನು. ಪಾಠಗಳ ನಡುವೆ ಬಿಡುವೇ ಇಲ್ಲದ್ದರಿಂದ ರಜೆಯ ದಿನಗಳೇ ಅವನಿಗೆ ಪ್ರಯೋಗದ ದಿನಗಳಾದವು. 1832ರಲ್ಲಿ ಪ್ರಿನ್ಸ್‌ಟನ್ನಿಗೆ ಹೋದ ಮೇಲೆ, ದೂರದಿಂದ ಬಂದ ದುರ್ಬಲ ಪ್ರವಾಹವು ಮತ್ತೊಂದು ಬಲವಾದ ಪ್ರವಾಹವನ್ನು ಆಳಬಲ್ಲುದೆಂದು ಆತನು ತನ್ನ ವಿದ್ಯಾರ್ಥಿಗಳೆದುರು ಮಾಡಿ ತೋರಿಸಿದನು.

ವಾಹನದ ರಿಲೇ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರೊಳಗೆ ಒಂದು ತಂತಿಸುರುಳಿ, ಒಂದು ಕಬ್ಬಿಣದ ತುಣುಕು. ಸುರುಳಿಯಲ್ಲಿ 0.15 ಆಂಪಿಯರಿನಷ್ಟು ಪ್ರವಾಹ ಹರಿದರೆ ಸಾಕು, ಅದು ಕಾಂತವಾಗಿ ತುಣುಕನ್ನು ಸೆಳೆಯುತ್ತದೆ. ‘ಟಕ್’ ಎಂಬ ಸದ್ದಿನೊಡನೆ ದೊಡ್ಡ ಪ್ರವಾಹದ ದಾರಿ ತೆರೆಯುತ್ತದೆ. 86 ಮತ್ತು 85 ಸುರುಳಿಯ ತುದಿಗಳು: ಮೊದಲನೆಯದಕ್ಕೆ ಸ್ವಿಚ್ಚಿನಿಂದ ಬಂದ ತಂತಿ, ಎರಡನೆಯದಕ್ಕೆ ವಾಹನದ ಲೋಹದ ಮೈ. 30ಕ್ಕೆ ಬ್ಯಾಟರಿಯಿಂದ ನೇರವಾದ ತಂತಿ; 87ರಿಂದ ಪಂಪಿಗೆ. ಮೈಗೆ ಸೇರಿಸುವ ಜಾಗದ ಬಣ್ಣವನ್ನೂ ತುಕ್ಕನ್ನೂ ಕೆರೆಯಬೇಕು. ರಿಲೇಯದೆಂದು ದೂರುವ ಎಷ್ಟೋ ದೋಷಗಳು ಈ ಕೆರೆಯದ ಬಣ್ಣದವು.

ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚತಕ್ಕದ್ದು. ಧನ ತುದಿಯನ್ನು ಮೊದಲು ಬಿಚ್ಚುವಾಗ ಸ್ಪ್ಯಾನರು ವಾಹನದ ಮೈಗೆ ತಗುಲಿದರೆ ಕಿಡಿ ಹಾರುತ್ತದೆ; ಪೆಟ್ರೋಲಿನ ಬಳಿ ಕಿಡಿಗೆ ಎಡೆಯಿರಬಾರದು. 30ಕ್ಕೆ ಹೋಗುವ ತಂತಿಯ ಫ್ಯೂಸು ಬ್ಯಾಟರಿಯ ಪಕ್ಕದಲ್ಲಿಯೇ ಇರಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಯಾವ ಕಾವಲೂ ಇಲ್ಲ.

ಇನ್ನು ಮುಖ್ಯವಾದ ಸಂಗತಿ. ಹಳೆಯ ಪಂಪು ಎಂಜಿನ್ನಿನ ಉಸಿರಿನಿಂದಲೇ ಆಡುತ್ತಿದ್ದುದರಿಂದ ಎಂಜಿನ್ನು ನಿಂತೊಡನೆ ತಾನೂ ನಿಲ್ಲುತ್ತಿತ್ತು. ವಿದ್ಯುತ್ ಪಂಪಿಗೆ ಆ ಗುಣವಿಲ್ಲ. ಇಳಿಜಾರಿನಲ್ಲಿ ವಾಹನ ಮಗುಚಿ, ಇಂಧನದ ಕೊಳವೆ ಕಿತ್ತುಹೋಗಿ, ಎಂಜಿನ್ನು ನಿಂತರೂ ಕೀಲಿಕೈ ತಿರುಗಿರುವವರೆಗೆ ಅದು ಕಾದ ಲೋಹದ ಮೇಲೆ ಪೆಟ್ರೋಲನ್ನು ಸುರಿಯುತ್ತಲೇ ಇರುತ್ತದೆ. ರಿಲೇ ಅಪ್ಪಣೆಯನ್ನು ಪಾಲಿಸಬಲ್ಲುದು, ವಿವೇಚಿಸಲಾರದು. ಆದುದರಿಂದ ಅಪ್ಪಣೆಯು ಎಂಜಿನ್ನಿನಿಂದಲೂ ಬರಬೇಕು. ಒತ್ತಡದಿಂದ ಆಯಿಲ್ ಹರಿಯುವ ಎಂಜಿನ್ನುಗಳಲ್ಲಿ, ಕೀಲಿಕೈಯಿಂದ 86ಕ್ಕೆ ಬರುವ ತಂತಿಯ ನಡುವೆ ಆಯಿಲ್ ಒತ್ತಡದ ಸ್ವಿಚ್ಚೊಂದನ್ನು ಸೇರಿಸುತ್ತಾರೆ. ಒತ್ತಡ ಬಿದ್ದರೆ ಸುರುಳಿಯ ಪ್ರವಾಹ ಕಡಿದು ಪಂಪು ನಿಲ್ಲುತ್ತದೆ. ಎಚ್ಚರಿಕೆಯ ದೀಪಕ್ಕೆಂದು ಇರುವ ಸಾಮಾನ್ಯ ಸ್ವಿಚ್ಚು ಇದಕ್ಕೆ ಒಗ್ಗದು. ಅದರ ನಡತೆ ತಿರುಗುಮುರುಗು, ಒತ್ತಡ ಇಲ್ಲದಾಗಲೇ ಅದು ಸಂಪರ್ಕ ಕೊಡುತ್ತದೆ.

ಎಂಜಿನ್ನನ್ನು ಹೊರಡಿಸುವಾಗ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದಿರುವ ಪೆಟ್ರೋಲೇ ಸಾಮಾನ್ಯವಾಗಿ ಸಾಕಾಗುತ್ತದೆ. ಬಹುಕಾಲ ನಿಂತು ಬಟ್ಟಲು ಬತ್ತಿದ್ದರೆ, ಬೆರಳು ತೆಗೆದೊಡನೆ ಹಿಂದಕ್ಕೆ ನೆಗೆಯುವ ಒತ್ತುಗುಂಡಿಯೊಂದನ್ನು ಆ ಸ್ವಿಚ್ಚಿಗೆ ಬದಲುದಾರಿಯಾಗಿ ಇಡಬಹುದು. ಎಲ್ಲವೂ ಮುಗಿದ ಮೇಲೆ ಕೀಲಿಕೈಯನ್ನು ತಿರುಗಿಸಿ, ಎಂಜಿನ್ನನ್ನು ಹೊರಡಿಸದೆ ಕಿವಿಗೊಡಬೇಕು. ಪಂಪಿನ ಸದ್ದು ಕೇಳಿಬಂದರೆ ತಂತಿಗಳನ್ನು ಮತ್ತೆ ಬಿಚ್ಚಬೇಕಾಗುತ್ತದೆ.