‘ಗಂಡನ ಹೆಸರೇನು?’: ಆಪ್ತ ಸಮಾಲೋಚಕಿಯ ಕೆಲವು ಪಾಠಗಳು

ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಆಪ್ತ ಸಮಾಲೋಚಕಿಯಾಗಿ ಕೂತು ಕಲಿತದ್ದು ಇದು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ 2004ರಿಂದಲೇ ಉಚಿತ. ಹಾಗಿದ್ದೂ ಜನ ತಡವಾಗಿ ಬರುತ್ತಾರೆ. ಮಾತ್ರೆ ಕೈಗೆ ಸಿಗುವ ಮುಂಚೆ ದಾಟಬೇಕಾದ ಕೌಂಟರುಗಳು ಬಹಳ.

1. ತೊಂದರೆ ಶುರುವಾಗುವುದು ಚೀಟಿ ಮಾಡಿಸುವಲ್ಲಿ. ‘ಗಂಡನ ಹೆಸರೇನು?’ ಎಂದು ಗುಮಾಸ್ತ ಗಟ್ಟಿಯಾಗಿ ಕೇಳುತ್ತಾನೆ. ದೇವದಾಸಿಯಾಗಿ ಮುತ್ತು ಕಟ್ಟಿಸಿಕೊಂಡ, ಗಂಡನೇ ಇಲ್ಲದ ಹೆಣ್ಣುಮಗಳು ಏನು ಹೇಳಬೇಕು? ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಅದಕ್ಕೂ ಮುಂಚೆ, ಆಮೇಲೂ ಕದ್ದುಮುಚ್ಚಿ ಮುತ್ತು ಕಟ್ಟಿಸಿಕೊಂಡವರು ಇಂದಿಗೂ ನಮ್ಮ ಸಾಲಿನಲ್ಲಿ ನಿಂತಿರುತ್ತಾರೆ. ಗುಮಾಸ್ತನ ಪ್ರಶ್ನೆಗೆ ಹಿಂದಿದ್ದವರ ಕಿವಿ ನೆಟ್ಟಗಾಗುತ್ತದೆ, ಆಕೆ ಸೆರಗು ಎಳೆದುಕೊಂಡು ಹೊರಗೆ ಹೋಗುತ್ತಾಳೆ. ‘ತುರ್ತು ಬಿದ್ದರ ಯಾರಿಗೆ ಫೋನ್ ಮಾಡೂಣ್ರಿ?’ ಎಂದು ಕೇಳಿದರೂ ಆಸ್ಪತ್ರೆಗೆ ಬೇಕಾದ ಹೆಸರು ಸಿಗುತ್ತದಲ್ಲ! ಯಲ್ಲಮ್ಮನ ಸೇವೆಗೆ ನಿಂತು ಹೆಣ್ಣಾಗಿ ಬದುಕುವ ಜೋಗಪ್ಪಗಳು ಬಂದಾಗಲೂ ಅಷ್ಟೇ: ಆಧಾರ್‌ನಲ್ಲಿರುವ ಗಂಡು ಹೆಸರನ್ನು ಕೂಗುವ ಮುಂಚೆ, ಏನಂತ ಕರೆಯಬೇಕೆಂದು ಕೇಳಿ.

2. ‘ನಿನಗೆ ಚಿಕಿತ್ಸೆ ಇಲ್ಲ’ ಎಂದು ಯಾರೂ ಅನ್ನುವುದಿಲ್ಲ. ‘ಬೆಡ್ ಖಾಲಿ ಇಲ್ಲ’, ‘ಸರ್ಜನ್ ರಜಾ ಅದಾರ’, ‘ಹುಬ್ಬಳ್ಳಿಗೆ ಹೋಗ್ರಿ, ಅಲ್ಲಿ ಚಲೋ ಮಾಡ್ತಾರ’ ಎನ್ನುತ್ತಾರೆ. ಆ ಕಾರಣವನ್ನೇ ರೆಫರ್ ಚೀಟಿಯ ಮೇಲೆ ಬರೆದು ಸಹಿ ಹಾಕಿಕೊಡಿ ಎಂದು ಕೇಳಿ. ಎಷ್ಟೋ ಸಲ ಬೆಡ್ ಅಲ್ಲೇ ಹುಟ್ಟಿಕೊಳ್ಳುತ್ತದೆ.

3. ಕೇಸ್ ಶೀಟಿನ ಮೇಲೆ ‘ಎಚ್‌ಐವಿ’ ಎಂದು ಕೆಂಪು ಶಾಯಿಯಲ್ಲಿ ಬರೆಯುವುದು ಸಿಬ್ಬಂದಿಯ ರಕ್ಷಣೆಗಂತೆ. ಪೊಳ್ಳು ವಾದ. ಪರೀಕ್ಷೆಯೇ ಆಗದ ರೋಗಿಯ ರಕ್ತದಲ್ಲಿ ಏನಿದೆಯೋ ಯಾರಿಗೆ ಗೊತ್ತು? ಯಾವ ರೋಗಿಯ ರಕ್ತ ಮುಟ್ಟುವಾಗಲೂ ಗ್ಲೌಸ್ ಹಾಕಿಕೊಳ್ಳಬೇಕು. ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಡೆ ಮಾತ್ರೆಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೂ 72 ಗಂಟೆಯೊಳಗೆ ಶುರು ಮಾಡಬೇಕು. ಇದನ್ನು ಡಾಕ್ಟರಿಗಿಂತ ಮೊದಲು ಆಯಾಗಳಿಗೆ, ಕಸ ಗುಡಿಸುವವರಿಗೆ ಹೇಳಿ. ಹೆಚ್ಚು ಹೆದರಿರುವವರು ಅವರು. ಗ್ಲೌಸ್ ಸಿಗದೆ ಹೋಗುವುದೂ ಅವರಿಗೇ.

4. ‘ನಮ್ಮೂರ ದವಾಖಾನಿ ಬ್ಯಾಡ್ರೀ ಅಕ್ಕಾರ, ಅಲ್ಲಿ ನಮ್ಮ ಮಂದೀನ ಕೆಲಸಕ್ಕ ಅದಾರ’ ಎಂದು ದೂರದ ಎಆರ್‌ಟಿ ಕೇಂದ್ರ ಕೇಳಿದರೆ ಬೈಯಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಖರ್ಚು ಉಳಿದಿದೆ. ಆ ದಿನದ ಕೂಲಿ ಮಾತ್ರ ಉಳಿಯುವುದಿಲ್ಲ.

5. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ಅಪರಾಧವೋ ಅಲ್ಲವೋ ಎಂದು ವಾರ್ಡಿನಲ್ಲಿ ನಿಂತು ವಾದಿಸಬೇಡಿ. ಈ ಕಾಯ್ದೆಯ ಪ್ರಕಾರ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಲೇಬೇಕು. ‘ನಿಮ್ಮ ದೂರು ಅಧಿಕಾರಿ ಯಾರು ಸರ್?’ ಎಂದು ಮೆಲ್ಲಗೆ ಕೇಳಿ. ರೋಗಿಯ ಜೊತೆ ಹೋದವರೇ ಇದನ್ನು ಕೇಳಬೇಕು. ರೋಗಿಗೆ ಆ ಹೊತ್ತಿನಲ್ಲಿ ತ್ರಾಣ ಇರುವುದಿಲ್ಲ. ಉತ್ತರ ಸಿಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಕರೆ ಉಚಿತ.